ಅರ್ಧ ಗಂಟೆ ಕೆಳಗೆ ಕೂತ ಕರ್ನಲ್

ಕರ್ನಲ್ ನಾಣಯ್ಯ ಹಾಲು ತರಲು ಹೊರಟರೂ ಬೂಟಿಗೆ ಪಾಲಿಶ್ ಹಾಕುವ ಮನುಷ್ಯ. ದೆಹಲಿಯ ಕನ್ನಡ ಸಂಘದಲ್ಲಿ ಪರಿಚಯವಾದವರು. ಸೈನ್ಯದಿಂದ ನಿವೃತ್ತರಾದ ಮೇಲೆ ಅವರೂ ಅವರ ಹೆಂಡತಿ ದೇಚಮ್ಮ ಆಂಟಿಯೂ ಇಂಗ್ಲೆಂಡಿನ ಕಾಲುವೆಯೊಂದರಲ್ಲಿ ಹದಿನೈದು ದಿನ ದೋಣಿಯಲ್ಲೇ ಸಂಸಾರ ಹೂಡಿದರು. ವಸಂತ್ ಕುಂಜ್‌ನ ಅವರ ಮನೆಯ ಹೂಕುಂಡಗಳಿಗೆ ನೀರು ಹಾಕುವ ಹೊಣೆ ನನ್ನದಾಯಿತು. ಅವರಿಗೆ ಕಾಲುವೆ, ನನಗೆ ನೀರಿನ ಮಗ್.

ದೋಣಿ ನಮ್ಮ ಮನೆಯಿರುವ ಮುನಿರ್ಕಾದ ಗಲ್ಲಿಯಷ್ಟೇ ಅಗಲ. ಒಳಗೆ ಒಲೆ, ಮಂಚ, ಕಿಟಕಿಗೆ ಪರದೆ. ವೇಗ, ನಡೆದು ಹೋಗುವವನಷ್ಟು. ದಿನಾ ಫೋಟೋ ಬರುತ್ತಿತ್ತು.

"ಎಷ್ಟು ಚೆನ್ನಾಗಿದೆ ನೋಡೋ ವತ್ಸ," ಎಂದು ನನ್ನ ಹೆಂಡತಿ ಧಾರಿಣಿ ಅಂದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಗುಟ್ಟಾಗಿ ಫೋನಿನಲ್ಲಿ ಆ ಊರಿನ ಹವಾಮಾನ ನೋಡಿ ಮಳೆಗಾಗಿ ಪ್ರಾರ್ಥಿಸಿದೆ. ಮಳೆ ಬಂತು. ಮರುದಿನದ ಫೋಟೋದಲ್ಲಿ ಇಬ್ಬರೂ ಒಂದೇ ಕೊಡೆಯಡಿ ನಗುತ್ತಿದ್ದರು.

ಮದುವೆಯಾಗಿ ಎರಡು ವರ್ಷ. ಎಲ್ಲಿಗಾದರೂ ನಾಲ್ಕು ದಿನ ಹೋಗೋಣ ಎಂದು ಧಾರಿಣಿ ಕೇಳಿದ್ದಳು. ಮ್ಯಾನೇಜರ್ ರಜೆ ಕೊಡಲಿಲ್ಲ ಎಂದಿದ್ದೆ. ನಿಜವೆಂದರೆ ನಾನು ಕೇಳಿಯೇ ಇರಲಿಲ್ಲ. ರಜೆ ಕೇಳದವನಿಗೇ ಬಡ್ತಿ ಎಂಬುದು ಗುರುಗ್ರಾಮದ ನಮ್ಮ ಆಫೀಸಿನಲ್ಲಿ ಯಾರೂ ಹೇಳದ, ನಾನೊಬ್ಬನೇ ನಂಬಿದ ನಿಯಮ.

ಅವರು ಮರಳಿದ ಮೇಲೆ ಕೀಲಿ ಕೊಡಲು ಇಬ್ಬರೂ ಹೋದೆವು.

"ಅಷ್ಟು ದಿನ ಅಷ್ಟು ಸಣ್ಣ ಜಾಗದಲ್ಲಿ... ಜಗಳ ಆಗ್ಲಿಲ್ವಾ ಅಂಕಲ್?" ಆಸೆಯಿಂದ ಕೇಳಿದೆ.

"ಆಗದೆ? ಲಾಕ್‌ನಲ್ಲಿ ಆಯ್ತಲ್ಲ!"

ಕಾಲುವೆ ಎತ್ತರಕ್ಕೆ ಏರುವ ಕಡೆ ಲಾಕ್ ಇರುತ್ತದಂತೆ: ಬಾವಿಯಂಥ ಕಲ್ಲುಗುಂಡಿ, ಹಿಂದೆ ಮುಂದೆ ಗೇಟು. ದೋಣಿ ಒಳಹೊಕ್ಕ ಮೇಲೆ ದಡದಲ್ಲಿರುವವರು ಹಿಡಿ ತಿರುಗಿಸಿ ನೀರು ಬಿಟ್ಟರೆ ದೋಣಿ ಮೇಲೇಳುತ್ತದೆ. ಚುಕ್ಕಾಣಿ ಅಂಕಲ್‌ದು, ಹಿಡಿ ಆಂಟಿಯದು.

"ಮಗಳು ತಾನ್ಯಾ ಹುಟ್ಟಿದಾಗ ರಜೆ ಸಿಗ್ಲಿಲ್ಲ ಅಂತ ಇವಳಿಗೆ ಬರೆದಿದ್ದೆ. ಕೇಳಿದ್ರೆ ತಾನೆ ಸಿಗೋದು! ಆಗ ಮೇಜರ್ ಆಗೋ ಅವಸರ ನನಗೆ. ಅವತ್ತು ಲಾಕ್‌ನಲ್ಲಿ, ಖುಷಿಯಲ್ಲಿ, ಅದನ್ನ ಕೆಳಗಿಂದಲೇ ಕೂಗಿ ಹೇಳಿಬಿಟ್ಟೆ."

"ಜಾಗ ನೋಡಿ ಹೇಳ್ಬೇಕಿತ್ತು," ಆಂಟಿ ಕಾಫಿ ಮುಂದಿಟ್ಟರು. "ನೀರು ನಿಲ್ಲಿಸ್ದೆ. ದಡದಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದೆ. ಅರ್ಧ ಗಂಟೆ. ಮೂವತ್ತೊಂದು ವರ್ಷದ ಸುಳ್ಳಿಗೆ ಅದೇನು ಜಾಸ್ತಿ ಅಲ್ಲ."

"ಆಮೇಲೆ?" ಎಂದಳು ಧಾರಿಣಿ.

"ಹಿಂದೆ ಇನ್ನೊಂದು ದೋಣಿ ಬಂತು. ಪಾಪ, ಅವರಿಗೆ ದಾರಿ ಬೇಕಲ್ಲ, ನೀರು ಬಿಟ್ಟೆ."

ಧಾರಿಣಿ ಬಿದ್ದು ಬಿದ್ದು ನಕ್ಕಳು. ನಾನು ಕೀಲಿ ಮೇಜಿನ ಮೇಲಿಟ್ಟು ಎದ್ದೆ. ಮೂವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡಿರುವ ಮಿಲಿಟರಿ ತಾಕತ್ತು ನನಗಿಲ್ಲ. ವಾಪಸು ಬರುವ ಆಟೋದಲ್ಲಿ ಐದು ನಿಮಿಷ ತಡೆದೆ.

"ಧಾರಿಣಿ, ನಾನೂ ರಜೆ ಕೇಳಿರ್ಲಿಲ್ಲ."

ಅವಳು ಡ್ರೈವರ್ ಕಡೆ ಬಾಗಿದಳು. "ಭಯ್ಯಾ, ಜರಾ ರೋಕ್‌ನಾ." ಆಟೋ ನಿಂತಿತು. "ಇಳಿ, ವತ್ಸ."

ಇಳಿದೆ. ಆಟೋ ಅವಳೊಬ್ಬಳನ್ನೇ ಕರೆದುಕೊಂಡು ಹೋಯಿತು. ನಡೆಯುತ್ತ, ಅಂದರೆ ಸರಿಯಾಗಿ ಅಂಕಲ್ ದೋಣಿಯ ವೇಗದಲ್ಲಿ, ಫೋನಿನಲ್ಲೇ ನಾಲ್ಕು ದಿನದ ರಜೆಗೆ ಅರ್ಜಿ ಹಾಕಿದೆ. ಮುನಿರ್ಕಾ ಮುಟ್ಟುವ ಮೊದಲೇ ಮಂಜೂರಾಯಿತು. ಮ್ಯಾನೇಜರ್ ಕಾರಣವನ್ನೂ ಕೇಳಲಿಲ್ಲ.

ಬಾಗಿಲಿಗೆ ಒಳಗಿಂದ ಚಿಲಕ. ಮಂಜೂರಾತಿ ಕಾಣುವಂತೆ ಫೋನನ್ನು ಬಾಗಿಲಡಿಯ ಸಂದಿಯಿಂದ ಒಳಗೆ ತಳ್ಳಿ ಮೆಟ್ಟಿಲ ಮೇಲೆ ಕೂತೆ.

ಚಿಲಕ ಸರಿದದ್ದು ಎರಡು ಗಂಟೆ ಕಳೆದ ಮೇಲೆ. ಅಂಕಲ್‌ಗೆ ಅರ್ಧವೇ ಗಂಟೆ. ಅವರ ಹಿಂದೆ ಇನ್ನೊಂದು ದೋಣಿ ಬಂದಿತ್ತಲ್ಲ.