ಲಗ್ನಪತ್ರಿಕೆಯ ಹಿಂಬದಿ

ಲಿಂಗರಾಜ್ ಅವರು ಶಾಸಕರಾಗಿದ್ದಾಗಲೂ, ಆಮೇಲೆ ಎರಡು ವರ್ಷ ಮಂತ್ರಿಯಾಗಿದ್ದಾಗಲೂ ಯಾವ ಮದುವೆಗೆ ಹೋದರೂ ಆ ಮನೆಯ ಕಷ್ಟಸುಖ ಕೇಳದೆ ಬರುತ್ತಿರಲಿಲ್ಲ. “ಸಣ್ಣ ಮಗನ ಕೈ ಮುರಿದಿತ್ತಲ್ಲ, ಕೂಡ್ತೇನು?” ಎಂದರೆ ಸಾಕು, ಮದುವೆಯ ಯಜಮಾನ ಕರಗಿಹೋಗುತ್ತಿದ್ದ. ಆ ನೆನಪು ನಿಜವಾಗಿ ಅವರ ಆಪ್ತ ಸಹಾಯಕ ಮರಿಸ್ವಾಮಿಯವರದು. ಮನೆಗೆ ಬಂದ ಪ್ರತಿ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಮರಿಸ್ವಾಮಿ ಪೆನ್ಸಿಲಿನಿಂದ ಮೂರು ನಾಲ್ಕು ಸಾಲು ಬರೆದಿಡುತ್ತಿದ್ದರು. ಕರೆದವರು ಯಾರು, ಯಾವ ಊರು, ಏನು ವಿಚಾರಿಸಬೇಕು, ಊಟ ಮಾಡಬೇಕೋ ಅಕ್ಷತೆ ಹಾಕಿ ಬಂದರೆ ಸಾಕೋ. ಅವರ ಧಣಿ ಅದನ್ನು ಕಾರಿನಲ್ಲಿ ಓದಿಕೊಂಡು ಇಳಿಯುತ್ತಿದ್ದರು.

ಮರಿಸ್ವಾಮಿ ವಡ್ಡು ಊರಿನವರು. ಸಂಡೂರಿನ ಒಂದು ಗಣಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಾಗ ಲಿಂಗರಾಜ್ ಅವರ ಕಣ್ಣಿಗೆ ಬಿದ್ದರು. ಇಪ್ಪತ್ತಾರನೇ ವಯಸ್ಸಿಗೆ ಹೊಸಪೇಟೆಗೆ ಬಂದು ಧಣಿಯ ಮನೆಯ ಜಗುಲಿಯ ಮೇಜಿನ ಮುಂದೆ ಕುಳಿತವರು, ಅಲ್ಲೇ ಕೂದಲು ಬೆಳ್ಳಗಾದವರು. ವರ್ಗಾವಣೆಗೆ ಬಂದವರು, ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸ ಬೇಕೆಂದು ಬಂದವರು, ಆಸ್ಪತ್ರೆಗೆ ಚೀಟಿ ಕೇಳಿ ಬಂದವರು, ಎಲ್ಲರೂ ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನು. ಆದರೂ ಮೂವತ್ತೊಂದು ವರ್ಷದಲ್ಲಿ ಅವರ ಹೆಸರಿಗೆ ಒಂದೂ ಲಗ್ನಪತ್ರಿಕೆ ಬಂದಿರಲಿಲ್ಲ. ಧಣಿಯನ್ನು ಕರೆದರೆ ಮರಿಸ್ವಾಮಿ ಹೇಗೂ ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಲಿಂಗರಾಜ್ ಚುನಾವಣೆಯಲ್ಲಿ ಸೋತರು. ಅವರ ಪಕ್ಷದ ಸರ್ಕಾರವೂ ಹೋಯಿತು. ಗನ್‌ಮ್ಯಾನ್ ಹೋದ, ಹಾರ ಹಿಡಿದು ಬರುತ್ತಿದ್ದವರು ಹೋದರು. ಹೊಸ ಶಾಸಕರ ಕಡೆಯವರು ಮರಿಸ್ವಾಮಿಗೆ ಫೋನ್ ಮಾಡಿದರು.

“ಇಡೀ ತಾಲೂಕು ನಿಮ್ಮ ತಲ್ಯಾಗ ಐತಿ. ಈ ಕಡೆ ಬಂದ್‌ಬಿಡ್ರಿ.”

“ಈ ತಲಿ ಭಾಳ ಹಳೇದ್ರಿ. ಹೊಸಾ ಹೆಸರು ಹಿಡಿಯಂಗಿಲ್ಲ” ಎಂದು ನಕ್ಕು ಫೋನ್ ಇಟ್ಟರು.

ಈ ವರ್ಷದ ವೈಶಾಖದಲ್ಲಿ ಜಗುಲಿಯ ಮೇಜಿನ ಮೇಲೆ ಒಂದು ಪತ್ರಿಕೆಯೂ ಇರಲಿಲ್ಲ. ಲಿಂಗರಾಜ್ ಅವರಿಗೆ ಹೃದಯದ ಆಪರೇಷನ್ ಆಗಿತ್ತು, ಹೊರಗೆ ಹೋಗುತ್ತಿರಲಿಲ್ಲ. ಆದರೆ ಸ್ನಾನ ಮುಗಿಸಿ ಬಂದು ದಿನಾ ಕೇಳುತ್ತಿದ್ದರು: “ಇವತ್ತು ಯಾವ್ಯಾವ ಮದ್ವಿ ಅದಾವು, ಮರಿಸ್ವಾಮಿ?”

ಒಂದೂ ಇಲ್ಲ ಎನ್ನಲು ಮರಿಸ್ವಾಮಿಗೆ ನಾಲಿಗೆ ಏಳಲಿಲ್ಲ. ಬಸ್ ನಿಲ್ದಾಣದ ಹತ್ತಿರ ಪ್ರೆಸ್ ಇಟ್ಟಿದ್ದ ಈಶ್ವರ್ ಅವರಲ್ಲಿಗೆ ಹೋಗಿ, ಅಚ್ಚಾದ ಪತ್ರಿಕೆಗಳಲ್ಲಿ ಹೆಚ್ಚಿಗೆ ಉಳಿದವನ್ನು ಕೇಳಿ ತಂದರು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಮುಂದೆ ಪೆನ್ನಿನಿಂದ ಧಣಿಯ ಹೆಸರು ಬರೆದು, ಹಿಂದೆ ಎಂದಿನಂತೆ ಪೆನ್ಸಿಲಿನಿಂದ ವಿಷಯ ಬರೆದು ಮೇಜಿನ ಮೇಲಿಟ್ಟರು. ಧಣಿ ಓದುತ್ತಿದ್ದರು, ಸಂತೋಷಪಡುತ್ತಿದ್ದರು. “ನೀವು ಆರಾಮ ಮಾಡ್ರಿ, ನಿಮ್ಮ ಹೆಸರ್ಲೆ ನಾ ಅಕ್ಕಿಕಾಳು ಹಾಕಿ ಬರ್ತೀನಿ” ಎಂದು ಮರಿಸ್ವಾಮಿ ಹೊರಡುತ್ತಿದ್ದರು. ಪಾರ್ಕಿನಲ್ಲಿ ಎರಡು ತಾಸು ಕುಳಿತು ಮನೆಗೆ ಹೋಗುತ್ತಿದ್ದರು.

“ಇಷ್ಟು ಚಾಕ್ರಿ ಆ ಜಂಬುನಾಥ ದೇವ್ರಿಗೆ ಮಾಡಿದ್ರ ಬೆಟ್ಟ ಇಳದು ಮನಿಗೇ ಬರ್ತಿದ್ದ” ಎನ್ನುತ್ತಿದ್ದರು ಅವರ ಹೆಂಡತಿ ಜಂಬಕ್ಕ.

ಒಂದು ಗುರುವಾರ ಲಿಂಗರಾಜ್ ಪತ್ರಿಕೆಯೊಂದನ್ನು ಕೈಯಲ್ಲಿ ಹಿಡಿದೇ ಎದ್ದರು. ಅದು ಹಿಂದೆ ಧಣಿಯ ಚುನಾವಣೆಗೆ ದುಡಿದಿದ್ದ ಎಮ್ಮಿಗನೂರಿನ ಕಾಳಪ್ಪನ ಮಗಳ ಮದುವೆಯದು.

“ಈ ಮದ್ವಿಗೆ ನಾನೂ ಬರ್ತೀನಿ.”

“ಬಿಸಲು ಭಾಳ ಐತ್ರಿ, ಧಣಿ.”

“ವೈಶಾಖದಾಗ ಮಂಜು ಬೀಳ್ತೈತೇನು? ನಡಿ.”

ಮರಿಸ್ವಾಮಿ ಒಳಗೆ ಹೋಗಿ ಕಾಳಪ್ಪನಿಗೆ ಮೂರು ಸಲ ಫೋನ್ ಮಾಡಿದರು. ವಾಲಗದ ನಡುವೆ ಯಾರೂ ಎತ್ತಲಿಲ್ಲ. ಕರೆಯದ ಮದುವೆಗೆ ಧಣಿಯನ್ನು ನಾನೇ ಕರೆದೊಯ್ಯುತ್ತಿದ್ದೇನೆ, ನೂರು ಜನರ ಮುಂದೆ ಅವರ ಮರ್ಯಾದೆ ಹೋಗುತ್ತದೆ ಎಂದು ದಾರಿಯುದ್ದಕ್ಕೂ ಚಡಪಡಿಸಿದರು. ಕಂಪ್ಲಿ ದಾಟುವಾಗ, “ಧಣಿ, ಒಂದು ಮಾತು…” ಎಂದರು. ಲಿಂಗರಾಜ್ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ, “ಎಷ್ಟು ದಿನಾತು ಈ ದಾರಿ ನೋಡಿ” ಎಂದರು.

ಶಾಮಿಯಾನದ ಬಾಗಿಲಲ್ಲಿ ಅವರನ್ನು ಕಂಡ ಕಾಳಪ್ಪನ ಮುಖ ಬಿಳಿಚಿತು. ಇನ್ನೊಂದು ತಾಸಿಗೆ ಈಗಿನ ಶಾಸಕರು ಬರುವವರಿದ್ದರು. ಹಿಂದಿನ ಕುರ್ಚಿಯಿಂದ ಒಬ್ಬ, “ಕರೀದ ಮದ್ವಿಗೂ ಬರಾಕತ್ತಾರಲೇ! ಊಟಕ್ಕ ಅಷ್ಟು ತ್ರಾಸಾಗೇತೇನು?” ಎಂದ. ಕೆಲವರು ನಕ್ಕರು.

ಮರಿಸ್ವಾಮಿ ಮುಂದೆ ಬಂದರು. “ತಪ್ಪು ನಂದ್ರಿ. ಧಣಿಗೆ ಏನೂ ಗೊತ್ತಿಲ್ಲ. ಕಾರ್ಡು ನಾನಽ…”

ಲಿಂಗರಾಜ್ ಮರಿಸ್ವಾಮಿಯವರ ಭುಜದ ಮೇಲೆ ಕೈ ಇಟ್ಟು ತಡೆದರು.

“ಕಾಳಪ್ಪ, ನೀ ನನ್ನ ಕರ್ದಿಲ್ಲ. ನಂಗ ಗೊತ್ತೈತಿ. ಇವ ಕರದ, ಅದಕ್ಕ ಬಂದೆ. ಮಗಳಿಗೆ ನಾಕು ಅಕ್ಕಿಕಾಳು ಹಾಕಿ, ಹೊಸ ಶಾಸಕರು ಬರೂದ್ರಾಗ ಎದ್ದು ಹೊಕ್ಕೀವಿ. ಅಂದಂಗ, ನಿಮ್ಮವ್ವನ ಕಣ್ಣಿನ ಆಪರೇಷನ್ ಆತೇನು?”

ಪತ್ರಿಕೆಯ ಹಿಂದೆ ಬರೆದಿದ್ದನ್ನೇ ಕೇಳಿದ್ದರು. ಕಾಳಪ್ಪ ಧಣಿಯ ಎರಡೂ ಕೈ ಹಿಡಿದುಕೊಂಡ.

“ಆತ್ರಿ, ಧಣಿ. ಚಲೋ ಕಾಣ್ತೈತಿ. ನಾ ಕಾರ್ಡ್ ಹಿಡ್ಕೊಂಡು ನಿಮ್ಮ ಗೇಟಿನ ತನಕ ಬಂದಿದ್ದೆ. ಅಂಜಿ ಹೊಳ್ಳಿ ಹೋದೆ. ಉಣ್ಣದ ಹೋಗಬ್ಯಾಡ್ರಿ.”

ಊಟಕ್ಕೆ ಕೂರಿಸಿ ಹುಗ್ಗಿಯನ್ನು ತಾನೇ ಬಡಿಸಿದ. ಹೊರಡುವಾಗ ಕಾರಿನ ಹತ್ತಿರ ಒಂದು ಪತ್ರಿಕೆ ತಂದು, “ಈಗರ ಇಸ್ಕೊಳ್ರಿ” ಎಂದ. ಲಿಂಗರಾಜ್, “ಅದರ ಮ್ಯಾಲೆ ಇವನ ಹೆಸರು ಬರಿ” ಎಂದರು. ಕಾಳಪ್ಪ ಬರೆದ.

ಕಾರು ಊರು ಬಿಟ್ಟ ಮೇಲೆ ಮರಿಸ್ವಾಮಿ ಕೇಳಿದರು: “ಯಾವಾಗ ಗೊತ್ತಾತ್ರಿ?”

“ಮೊದಲ್ನೇ ದಿನಾನ. ಮುಂದಿನ ಅಕ್ಷರನೂ ಹಿಂದಿನ ಅಕ್ಷರನೂ ಒಂದ ಕೈದು. ಮ್ಯಾಲೆ ನಿನ್ನ ಬೆರಳು ನೋಡು, ಮದುಮಗಳದ್ದಿದ್ದಂಗ ಅರಿಶಿಣ.”

“ಮತ್ತ ಇವತ್ತ್ಯಾಕ ಹೊಂಟ್ರಿ?”

“ನೀ ದಿನಾ ಪಾರ್ಕಿನ್ಯಾಗ ಬಿಸಲಿಗೆ ಕುಂದ್ರೂದು ಡ್ರೈವರ್ ಹೇಳಿದ. ಸಾಕು ಬಿಡು ಇನ್ನ. ಎಲ್ಲಿ, ನಿನ್ನ ಪೆನ್ಸಿಲ್ ಕೊಡು.”

ಮರಿಸ್ವಾಮಿ ಮನೆ ಮುಟ್ಟಿದಾಗ ಹೊತ್ತಿನ್ನೂ ಇಳಿದಿರಲಿಲ್ಲ. ಜಂಬಕ್ಕ ಪತ್ರಿಕೆಯ ಮೇಲಿನ ಹೆಸರನ್ನು ಎರಡು ಸಲ ಓದಿದರು.

“ಮದ್ವಿ ಮುಗದ ಮ್ಯಾಲೆ ಕರಿಯಾಕ ಬಂದಾರೇನು?” ಎಂದು ನಗುತ್ತ ಹಿಂದೆ ತಿರುಗಿಸಿದರು. ಕಾರಿನ ಕುಲುಕಾಟಕ್ಕೆ ಅಂಕುಡೊಂಕಾದ ಅಕ್ಷರಗಳಿದ್ದವು:

‘ಮರಿಸ್ವಾಮಿ. ಊರು ವಡ್ಡು. ಮೂವತ್ತೊಂದು ವರ್ಷ ನಮ್ಮ ಜೊತೆ. ಹೆಂಡತಿ ಜಂಬಕ್ಕ, ಮೊಣಕಾಲು ನೋವು, ವಿಚಾರಿಸಬೇಕು. ಊಟ ಮಾಡಿಯೇ ಬರಬೇಕು.’

ಜಂಬಕ್ಕ ಗೋಡೆ ಹಿಡಿದು ಎದ್ದು, ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

“ಯಾವಾಗ ಬರ್ತಾರ ಅಂತ ಬರೀಬಾರದಾ ನಿಮ್ಮ ಧಣಿ?”