ಇಂಜಿನ್ನಿಗೆ ನೀರು ಹಾಕಬಾರದು

ಮೊನ್ನೆ ಮಗನ ಕಾರು ತೊಳೆಸಲು ಕುಸನೂರ ರಸ್ತೆಗೆ ಹೋಗಿದ್ದೆವು. ಕೆಲಸದವನು ಬಾನೆಟ್ ಎತ್ತಿದ. ಧೂಳು, ಎಣ್ಣೆ, ಬಿಸಿ ಕಬ್ಬಿಣ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಅವನು ನೀರಿನ ಪೈಪನ್ನು ಇಂಜಿನ್ನಿನತ್ತ ತಿರುಗಿಸಿದ್ದೇ ತಡ, "ನೀರ ಹಾಕಬ್ಯಾಡೋ!" ಎಂದು ಕಿರುಚಿಬಿಟ್ಟೆ. ಮಿಕ್ಸಿಯ ಜಾರು ಸಿಕ್ಕಿಕೊಂಡರೆ ನೆರೆಮನೆಯವರನ್ನು ಕೂಗುವ ಮುದುಕಿ ನಾನು. ಇಂಜಿನ್ನಿನ ಬಗ್ಗೆ ಇವಳಿಗೇನು ಗೊತ್ತು ಅನ್ನುತ್ತೀರಿ. ಹೇಳುತ್ತೇನೆ, ಕೂತು ಕೇಳಿ.

ನಿಜಾಮನ ರಾಜ್ಯದಲ್ಲಿ ಪೊಲೀಸ್ ಆಕ್ಷನ್ ಆದ ಹೊಸದು. ನಾನು ಕಮಲಾಪುರದ ಗಂಡನ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ರಜಾಕಾರರ ಗಲಾಟೆಯಲ್ಲಿ ಯಾರಾದರೂ ಒಯ್ದಾರೆಂದು ನಮ್ಮ ಕಾರನ್ನು ದನದ ಕೊಟ್ಟಿಗೆಗೆ ತಳ್ಳಿ, ಮೇಲೆ ಜೋಳದ ಕಣಕಿ ಒಟ್ಟಿದ್ದರು. ಆಕ್ಷನ್ ಮುಗಿದ ಮೇಲೆ ಅದೇ ಕಣಕಿಯ ಹಿಂದೆ ಅವಿತು ಕುಳಿತವನು ನಮ್ಮ ಡ್ರೈವರ್ ಮೌಲಾಸಾಬ. ಯಾವ ಗಲಾಟೆಗೂ ಹೋದವನಲ್ಲ. ಆದರೆ ಆ ದಿನಗಳಲ್ಲಿ ರಜಾಕಾರರ ಮೇಲಿನ ಊರಿನ ಸಿಟ್ಟಿಗೆ ಸಾಬರ ಹೆಸರೊಂದೇ ಸಾಕಾಗಿತ್ತು. ಅವನನ್ನು ಕಲಬುರಗಿಯ ತಂಗಿಯ ಮನೆಗೆ ಮುಟ್ಟಿಸಬೇಕು. ದಾರಿಯಲ್ಲಿ ಕಾರು ನಿಂತರೆ ಅವನ ಕಥೆ ಅಲ್ಲಿಗೇ ಮುಗಿಯಿತು.

ಗಂಡ ಪೆಟ್ರೋಲು ಹುಡುಕಲು ಹೋದರು. ಕೊಟ್ಟಿಗೆಯ ಬಾಗಿಲು ರಸ್ತೆಗೇ ಇದ್ದುದರಿಂದ ಮೌಲಾಸಾಬ ಹೊರಗೆ ಬರುವಂತಿರಲಿಲ್ಲ; ಇಂಜಿನ್ನು ಸ್ವಚ್ಛ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಿಜ ಹೇಳಲೇ? ಅಂಜಿಕೆಗಿಂತ ಕುತೂಹಲವೇ ಹೆಚ್ಚಿತ್ತು. ಆ ಮುಚ್ಚಳದ ಕೆಳಗೆ ಏನಿದೆಯೆಂದು ನೋಡುವ ಆಸೆ ಮದುವೆಯಾಗಿ ಬಂದ ದಿನದಿಂದಲೂ ಇತ್ತು. ಎತ್ತಿದರೆ ಇಲಿಯ ಗೂಡು! ಕಣಕಿಯ ಹಿಂದಿನಿಂದ ಪಿಸುದನಿ ಬಂತು: "ಮೊದಲ ಬ್ಯಾಟ್ರಿ ವಾಯರ್ ಬಿಚ್ಚವ್ವಾ. ಹುಲ್ಲು ಒಂದ್ ಕಡ್ಡೀನೂ ಉಳೀಬಾರದು, ಕಾವಿಗೆ ಬೆಂಕಿ ಹತ್ತತದ. ಒಣಾ ನಾರಿಲೆ ತಿಕ್ಕು."

ಲಾಟೀನಿನ ಬುರುಡೆ ಒರೆಸುವ ಹಾಗೆ ಒಂದೊಂದೇ ಕೊಳವೆ ತಿಕ್ಕಿದೆ. ಜಿಗುಟು ಹೋಗಲಿಲ್ಲ. ಅಡುಗೆಮನೆಯ ಬುದ್ಧಿ ಎಲ್ಲಿಗೆ ಹೋಗುತ್ತದೆ? ಕೊಡದ ನೀರು ಎತ್ತಿದೆ.

"ನೀರ ಹಾಕಬ್ಯಾಡವ್ವಾ!"

ಒಂಬತ್ತು ದಿನ ಕೆಮ್ಮನ್ನೂ ನುಂಗಿಕೊಂಡು ಕುಳಿತವನು ಇಂಜಿನ್ನಿಗಾಗಿ ಗಂಟಲು ಬಿಚ್ಚಿದ್ದ. ಎದುರಿನ ಕಟ್ಟೆಯಿಂದ ಒಬ್ಬ ಬಡಿಗೆ ಹಿಡಿದು ಬಾಗಿಲಿಗೇ ಬಂದ. "ಯಾರ್ರೀ ಒಳಗ? ಗಂಡಸಿನ ದನಿ ಕೇಳಿಸ್ತಲ್ಲ?"

ಪಕ್ಕದಲ್ಲೇ ಇದ್ದ ಅತ್ತೆ ಗಂಟಲು ದಪ್ಪ ಮಾಡಿ ನನ್ನ ಮೇಲೆ ಹರಿಹಾಯ್ದರು: "ನೀರ ಹಾಕಬ್ಯಾಡಂತ ಎಷ್ಟ ಸಲ ಹೇಳ್ಬೇಕ? ಖಬರ್ ಅದ ಏನಿಲ್ಲ ನಿನಗ?" ಆಮೇಲೆ ಬಾಗಿಲಿನತ್ತ ತಿರುಗಿ, "ನೆಗಡಿ ಆಗಿ ದನಿ ಕುಂತಾದಪ್ಪಾ. ಶರಣಬಸವೇಶ್ವರ ಗುಡಿಗೆ ಹೊಂಟೀವಿ, ಅದಕ್ಕ ಕಾರು ತೊಳಿಯಾಕತ್ತಾಳ," ಎಂದರು. ಅವನು ನಗುತ್ತಾ ಹೋದ.

ಕರೆಂಟಿನ ಡಬ್ಬಿಗೆ ನೀರು ಹೊಕ್ಕರೆ ಕಾರು ಚಾಲೂ ಆಗುವುದೇ ಇಲ್ಲವೆಂದು ಮೌಲಾಸಾಬ ಆಮೇಲೆ ಪಿಸುಗುಟ್ಟಿದ. ಸೀಮೆಎಣ್ಣೆ ಅದ್ದಿದ ಅರಿವೆಯಿಂದ ಒರೆಸಿ, ವಾಸನೆ ಹೋಗುವವರೆಗೆ ಗಾಳಿಗೆ ಬಿಟ್ಟು, ವಾಯರು ಕೂಡಿಸಿದೆ. ಪೆಟ್ರೋಲು ತಂದ ಗಂಡ ಕಾರು ಹೊರಡಿಸಿದರು. ಹಿಂದೆ ನೆಲದ ಮೇಲೆ ಮೌಲಾಸಾಬ, ಅವನ ಮೇಲೆ ಕೌದಿ, ಸೀಟಿನಲ್ಲಿ ಅತ್ತೆ ಮತ್ತು ನಾನು. ಕಾರು ಎಲ್ಲೂ ನಿಲ್ಲಲಿಲ್ಲ. ಕಲಬುರಗಿಯಲ್ಲಿ ಇಳಿದವನು ತಂಗಿಯ ಬಾಗಿಲು ತಟ್ಟುವ ಮೊದಲು ಬಾನೆಟ್ ಎತ್ತಿ ಇಣುಕಿದ. "ಇದೊಂದು ಉಳಿದಿತ್ತು ನೋಡವ್ವಾ," ಎಂದು ಹುಲ್ಲುಕಡ್ಡಿಯೊಂದನ್ನು ತೆಗೆದು ತೋರಿಸಿದ. ಮತ್ತೆ ಅವನು ಕಮಲಾಪುರಕ್ಕೆ ಬರಲೇ ಇಲ್ಲ.

ಈ ಕಥೆಯನ್ನು ಅತ್ತೆಯ ದನಿ ತೆಗೆದು ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಮೊನ್ನೆ ನನ್ನ ಗಂಟಲಿನಿಂದ ಬಂದದ್ದು ಮಾತ್ರ ಮೌಲಾಸಾಬನ ದನಿ. ಕೆಲಸದವನು ಪೈಪು ಕೆಳಗಿಟ್ಟು ಒಣ ಅರಿವೆ ತಂದ. ಈ ಕಥೆ ಕೇಳುತ್ತಲೇ ಬೆಳೆದ ಮಗ ಈ ಸಲ ನಗಲಿಲ್ಲ.

"ಅವ್ವಾ, ಬಡಿಗಿ ಹಿಡಕೊಂಡು ಬಂದಾಂವ ಯಾರು?"

ಇಷ್ಟು ವರ್ಷ ಆ ಜಾಗದಲ್ಲಿ 'ಒಬ್ಬ' ಎಂದು ದಾಟಿಬಿಡುತ್ತಿದ್ದೆ. ಈಗ ನಿಮಗೂ ಹಾಗೆಯೇ ಹೇಳಿದೆ, ನಾಚಿಕೆಯಾಗುತ್ತದೆ.

"ನಿನಗ ಸೈಕಲ್ ಕಲಿಸಿದ ಎದುರುಮನಿ ಕಾಕಾ," ಎಂದೆ.