ಪಾಳಿಪಟ್ಟಿಗೆ ಶ್ರೀಕಾರ

ನಮ್ಮ ಕಡೆ ಮನೆಗೆ ಬಂದವರನ್ನು ಯಾಕೆ ಬಂದಿರೆಂದು ಕೇಳುವ ಪದ್ಧತಿ ಇಲ್ಲ. ಬಂದವನು ಜಗಳಕ್ಕೇ ಬಂದಿರಲಿ, ಮೊದಲು 'ಬರ್ರಿ', ಆಮೇಲೆ ನೀರಿನ ತಂಬಿಗೆ, ಆಮೇಲೆ ಚಹಾ, ಅದರ ಮೇಲೆ ಮಳೆ-ಬೆಳೆಯ ಕುಶಲೋಪರಿ. ಬಂದ ಕಾರಣವು ಅವನು ಎದ್ದು ಚಪ್ಪಲಿ ಮೆಟ್ಟುವ ವೇಳೆಗೆ ತಾನಾಗಿಯೇ ಹೊಸ್ತಿಲಲ್ಲಿ ಪ್ರಕಟವಾಗುತ್ತದೆ. ಕಂಪ್ಯೂಟರಿಗೆ ಈ ಸಂಸ್ಕಾರ ಇಲ್ಲ. ಅದರೊಳಗಿನ ಒಂದು ಫೈಲಿನ ಬಾಗಿಲು ತಟ್ಟಿದರೆ ಸಾಕು, ಓದಲು ಬಂದೆಯೋ, ಬರೆಯಲು ಬಂದೆಯೋ, ಇದ್ದದ್ದರ ಕೆಳಗೆ ಸೇರಿಸಲು ಬಂದೆಯೋ ಎಂದು ಠಾಣೆಯ ಧಾಟಿಯಲ್ಲಿ ವಿಚಾರಣೆ. ಉತ್ತರವನ್ನು ಒಂದೇ ಅಕ್ಷರದಲ್ಲಿ ಕೊಡಬೇಕು: ಓದುವವನಿಗೆ 'ಆರ್', ಬರೆಯುವವನಿಗೆ 'ಡಬ್ಲ್ಯೂ', ಸೇರಿಸುವವನಿಗೆ 'ಎ'. ಏನೂ ಹೇಳದೆ ನಿಂತವನನ್ನು ಓದಲು ಬಂದವನೆಂದೇ ಬಗೆಯುವಷ್ಟು ಸೌಜನ್ಯ ಅದಕ್ಕೂ ಉಂಟೆನ್ನಿ. ನಾನು ಸುಮ್ಮನೆ ನಿಲ್ಲುವ ಪೈಕಿಯವನಲ್ಲ, ಆಪತ್ತು ಬಂದದ್ದು ಅಲ್ಲಿಂದಲೇ.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ವಿದ್ಯಾರ್ಥಿಗಳೂ ನಾನೂ ಪರಸ್ಪರರಿಂದ ಗೌರವಪೂರ್ವಕವಾಗಿ ಬಿಡುಗಡೆ ಹೊಂದಿದ ಮೇಲೆ, ಸಿದ್ದಾಪುರದ ಆಚೆ ನಮಗಿರುವ ನಾಲ್ಕು ಎಕರೆ ಗದ್ದೆಯ ದೆಸೆಯಿಂದ ನನಗೊಂದು ಪದವಿ ಪ್ರಾಪ್ತವಾಯಿತು. ನಮ್ಮ ಹೊಲಗಾಲುವೆಯ ನೀರು ಬಳಸುವ ಇಪ್ಪತ್ತೊಂದು ಮನೆಗಳ ಸಂಘಕ್ಕೆ ನಾನು ಗೌರವ ಕಾರ್ಯದರ್ಶಿ. ಅರ್ಹತೆ ಏನೆಂದರೆ ನನ್ನ ಅಕ್ಷರ ದುಂಡಗಿದೆ. ಕರ್ತವ್ಯ ಏನೆಂದರೆ ಪಾಳಿಪಟ್ಟಿಯನ್ನು ಕಾಯುವುದು: ವಾರದಲ್ಲಿ ಯಾರ ಗದ್ದೆಗೆ ಯಾವ ದಿನ, ಎಷ್ಟರಿಂದ ಎಷ್ಟು ಗಂಟೆಯವರೆಗೆ ನೀರು ಎಂಬ ಇಪ್ಪತ್ತೊಂದು ಸಾಲುಗಳ ಸಂವಿಧಾನವನ್ನು. ಗದ್ದೆಯ ಕೆಲಸ ಮಾತ್ರ ಮೊದಲಿನಿಂದಲೂ ನನ್ನ ಹೆಂಡತಿ ಶಾಂತಾಳದು. ನಾನು ನೀತಿ ನಿರೂಪಕ; ಆಕೆ ಕಾರ್ಯಾಂಗ.

ಇಂಥ ಸಂವಿಧಾನ ಅಂಚು ಹರಿದ ಹಳೆಯ ನೋಟುಬುಕ್ಕಿನಲ್ಲಿರುವುದು ನನಗೆ ಸಹ್ಯವಾಗಲಿಲ್ಲ. ಗಂಗಾವತಿಯ ಒಂದು ತರಬೇತಿ ಕೇಂದ್ರಕ್ಕೆ ಹೋಗಿ, ಮಗಳ ವಯಸ್ಸಿನ ಶಬಾನಾ ಮೇಡಂ ಅವರ ಎದುರು ಮುಂದಿನ ಬೆಂಚಿನಲ್ಲಿ ಕೂತು, ಪೈಥಾನ್ ಎಂಬ ಭಾಷೆಯನ್ನು ಕಲಿತೆ. ಹೆಬ್ಬಾವಿನ ಹೆಸರು. ನುಂಗುವ ಪ್ರಾಣಿಯ ಹೆಸರನ್ನು ಯಾರೂ ಸುಮ್ಮನೆ ಇಟ್ಟಿರಲಾರರೆಂದು ಆಗಲೇ ಅನುಮಾನಿಸಬೇಕಿತ್ತು. ಪಟ್ಟಿಯನ್ನು ಫೈಲಿಗೆ ಏರಿಸಿದೆ. ನೋಟುಬುಕ್ಕನ್ನು ರದ್ದಿಗೆ ಹಾಕಿದೆ. "ಸರ್, ಒಂದು ಕಾಪಿ ಇಟ್ಕೊಳ್ರಿ" ಎಂದು ಮೇಡಂ ಎರಡು ಸಲ ಹೇಳಿದ್ದರು. ಆ ಸಲಹೆಯ ಕಾಪಿಯನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಕಾಲುವೆಗೆ ನೀರು ಬಿಡುವುದಕ್ಕೆ ಎರಡು ದಿನ ಉಳಿದಿತ್ತು. ಪಟ್ಟಿಯನ್ನು ಓದುತ್ತ ಕೂತವನಿಗೆ ಅದರಲ್ಲಿನ ಘೋರವಾದ ಕೊರತೆಯೊಂದು ಕಣ್ಣಿಗೆ ಬಿತ್ತು: ಯಾರ ಹೆಸರಿಗೂ ಮುಂಚೆ 'ಶ್ರೀ' ಇರಲಿಲ್ಲ. ನಾಡಿಗೆ ಅನ್ನ ಕೊಡುವವರನ್ನು ಬರೀ ಹುಸೇನಪ್ಪ, ನಿಂಗಪ್ಪ ಎಂದು ಬರೆಯುವುದೇ! ಇಪ್ಪತ್ತೊಂದು ಸಲ ಕೈಯಿಂದ ಬರೆದಿದ್ದರೆ ಐದು ನಿಮಿಷದ ಕೆಲಸ. ಆದರೆ ವಿದ್ಯೆ ಕಲಿತವನು ಕೈಯಿಂದ ಬರೆಯಬಾರದೆಂದು ಒಂದೂವರೆ ತಾಸು ಕೂತು, ಪ್ರತಿ ಸಾಲನ್ನು ಓದಿ ಅದಕ್ಕೊಂದು ಶ್ರೀ ಸೇರಿಸಿ ಮರಳಿ ಬರೆಯುವ ಪ್ರೋಗ್ರಾಮನ್ನು ರಚಿಸಿದೆ. ಬರೆಯುವ ಬಾಗಿಲನ್ನು ಮೊದಲು ತೆರೆದೆ, ಓದುವ ಬಾಗಿಲನ್ನು ಆಮೇಲೆ. ಮೊದಲು ಬರೆದು ಆಮೇಲೆ ಓದುವುದು ಲೇಖಕರಲ್ಲಿ ಸಾಮಾನ್ಯ ದೋಷ. ಆದರೆ 'ಡಬ್ಲ್ಯೂ' ಎಂದು ಬಾಗಿಲು ತೆರೆದ ಕೂಡಲೇ ಒಳಗಿದ್ದದ್ದನ್ನೆಲ್ಲ ಕಂಪ್ಯೂಟರು ಒರೆಸಿ ಹಾಕಿ, ಸಾರಿಸಿದ ಹೊಸ ನೆಲವನ್ನು ಒಪ್ಪಿಸುತ್ತದೆಂಬುದನ್ನು ನಾನು ಮರೆತಿದ್ದೆ. ಪ್ರೋಗ್ರಾಮು ಒಂದು ತಕರಾರನ್ನೂ ಎತ್ತಲಿಲ್ಲ. ಶೂನ್ಯ ಸಾಲುಗಳನ್ನು ಓದಿತು, ಶೂನ್ಯ ಸಾಲುಗಳಿಗೆ ಶ್ರೀ ಸೇರಿಸಿತು, ಶೂನ್ಯವನ್ನು ಶ್ರದ್ಧೆಯಿಂದ ಬರೆದು ಮುಗಿಸಿತು.

ಖಾಲಿ ಪರದೆಯನ್ನು ನೋಡಿ ನನಗೆ ಬಂದ ಬೆವರಿನಿಂದಲೇ ಒಂದು ಮಡಿ ನೆಲ್ಲು ನಾಟಿ ಮಾಡಬಹುದಿತ್ತು. ಓದುಗರೇ, ಭತ್ತದ ಸೀಮೆಯಲ್ಲಿ ಪಾಳಿಯ ಒಂದು ತಾಸು ಎಂದರೆ ಏನೆಂಬುದು ನಿಮಗೆ ತಿಳಿದಿರಲಿ. ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಇದಕ್ಕೆ, ಬೀಗರು ಊಟ ಬಿಟ್ಟು ಎದ್ದದ್ದು ಇದಕ್ಕೆ. ಅದರಲ್ಲೂ ಕಾಲುವೆಯ ಕಟ್ಟಕಡೆಯಲ್ಲಿರುವ ಹುಸೇನಪ್ಪನ ಎರಡು ಎಕರೆಗೆ ಆ ಪಟ್ಟಿಯೇ ಆಧಾರ. ಮೇಲಿನವರು ಅರ್ಧರ್ಧ ತಾಸು ಎಳೆದರೂ ಅವನ ಪಾಲಿಗೆ ಕೆಸರಷ್ಟೇ ಉಳಿಯುತ್ತದೆ.

ಮರುದಿನ ಬೆಳಿಗ್ಗೆ ತೂಬಿನ ಕಟ್ಟೆಯ ಮೇಲೆ ಸಭೆ ಕರೆದು ತಪ್ಪೊಪ್ಪಿಕೊಂಡೆ. ಪೀಠಿಕೆಯನ್ನು ಸ್ವಲ್ಪ ದೀರ್ಘವಾಗಿಯೇ ಮಾಡಿದ್ದೆ. ಸತ್ತವರು ಯಾರೆಂದು ಒಬ್ಬಿಬ್ಬರು ಮೆಲ್ಲಗೆ ವಿಚಾರಿಸಿದರು. ವಿಷಯ ತಿಳಿದ ಮೇಲೆ ಮಾತಾಡಿದವನು ಹುಸೇನಪ್ಪನೇ.

"ಅಳಿಸಿದ್ದು ನಿಮ್ಮ ಡಬ್ಬಿರಿ ಮಾಸ್ತರ್ರ, ನಮ್ಮ ತಲಿ ಅಲ್ಲ. ಏ ನಿಂಗಪ್ಪಾ, ನೀ ಯಾರ ಕೈಯಿಂದ ನೀರು ಹಿಡಿತೀದಿ, ಯಾರಿಗೆ ಬಿಡ್ತೀದಿ, ಹೇಳು."

"ಮಾಸ್ತರ್ ಗದ್ದಿ ಮುಗದ ಮ್ಯಾಲ ಹಿಡಿತೀನಿ, ಮಂಗಳಾರ ಸಂಜಿ ಏಳಕ್ಕ. ಬುಧವಾರ ನಸುಕಿನ್ಯಾಗ ಮೂರಕ್ಕ ಬಸಮ್ಮನ ಕಡೀಗೆ ಬಿಡ್ತೀನಿ."

ಬಸಮ್ಮ ಎದ್ದು, ಹೌದು ಮೂರಕ್ಕೇ, ಆದರೆ ಈ ನಿಂಗಪ್ಪ ಒಮ್ಮೆಯೂ ಮೂರಕ್ಕೆ ಬಿಟ್ಟವನಲ್ಲ ಎಂದು ಷರಾ ಬರೆಸಿದಳು. ಹೀಗೆ ಸಾಲು ಸಾಗಿತು. ಇಡೀ ಪಟ್ಟಿ ಯಾರಿಗೂ ಗೊತ್ತಿರಲಿಲ್ಲ. ಆದರೆ ತನಗಿಂತ ಮುಂಚೆ ಯಾರು, ತನ್ನ ನಂತರ ಯಾರು ಎಂಬುದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಒಬ್ಬನು ಕಾಲು ತಾಸು ಹೆಚ್ಚು ಹೇಳಿದರೆ ಅದು ನೇರ ಪಕ್ಕದವನ ತಟ್ಟೆಯಿಂದ ಹೋಗಬೇಕಾದ್ದರಿಂದ, ಸುಳ್ಳಿಗೆ ಎರಡೂ ಬದಿಯಲ್ಲಿ ಕಾವಲು. ನಾನು ಬರೆಯುತ್ತ ಹೋದೆ. ಇಪ್ಪತ್ತನೆಯವರು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಸುಬ್ಬರಾಜುಗಾರು. "ಮಂಗಳವಾರ ತೆಲ್ಲಾರಿ, ನಸುಕಿಗೆ ಐದಕ್ಕೆ ನಾನು ನೀರು ನಿಲ್ಲಿಸ್ತೀನಿ. ಆಮೇಲೆ ಹುಸೇನಪ್ಪಂದು. ಆಯನ ಎಷ್ಟು ಹೊತ್ತು ಹಿಡಿತಾನೋ ನಾಕು ತೆಲೀದು, ನನಗೆ ಗೊತ್ತಿಲ್ಲ" ಎಂದು, ಕನ್ನಡ-ತೆಲುಗು ಎರಡು ಭಾಷೆಗಳನ್ನು ಒಂದೇ ಹೊಲಗಾಲುವೆಯಲ್ಲಿ ಹರಿಸಿ ಕೂತರು.

ಹುಸೇನಪ್ಪನ ನಂತರ ಮತ್ತೆ ಕಾಲುವೆಯ ಮೊದಲಿನಿಂದ ಶುರು. ಅಂದರೆ ನಮ್ಮ ಗದ್ದೆ. ಅವನು ಹಿಡಿಯುವುದು ಆರು ತಾಸು ಎಂದು ಅವನ ಮಾತು. "ನಾಕೇ ಇರಬೇಕು ನೋಡ್ರಿ" ಎಂದು ಹಿಂದಿನಿಂದ ಯಾರೋ ಗೊಣಗಿದರು. ಎಲ್ಲರೂ ನನ್ನತ್ತ ತಿರುಗಿದರು. ಅವನು ನಿಲ್ಲಿಸುವ ಗಳಿಗೆಯೇ ನಾನು ಹಿಡಿಯುವ ಗಳಿಗೆಯಾದ್ದರಿಂದ ಸಾಕ್ಷಿ ಹೇಳಬೇಕಾದವನು ನಾನೊಬ್ಬನೇ. ಅವನ ಎರಡು ತಾಸು ಕಡಿಮೆಯಾದರೆ ಅವು ಬಂದು ಬೀಳುವುದೂ ನನ್ನ ಗದ್ದೆಗೇ. ಇಪ್ಪತ್ತೊಂದು ಮನೆಗಳಲ್ಲಿ ತನ್ನ ಪಾಳಿ ಎಷ್ಟಕ್ಕೆಂದು ತಿಳಿಯದವನು ಒಬ್ಬನೇ, ಮತ್ತು ಅವನೇ ಕಾರ್ಯದರ್ಶಿ. ಹುಸೇನಪ್ಪ ಟವೆಲ್ಲಿನ ತುದಿಯನ್ನು ಸುತ್ತುತ್ತಿದ್ದ. ಅಷ್ಟು ಹೊತ್ತು ನಗುತ್ತಿದ್ದವನ ಮುಖದಲ್ಲಿ ಈಗ ನಗು ಇರಲಿಲ್ಲ.

ಮರ್ಯಾದೆಯನ್ನು ಬದಿಗಿಟ್ಟು ಶಾಂತಾಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

"ನಮ್ಮ ಪಾಳಿ ಎಷ್ಟಕ್ಕ ಶುರು ಆಗತೈತಿ?"

"ಮಂಗಳಾರ ಹನ್ನೊಂದಕ್ಕ. ಯಾಕ, ನಿಮ್ಮ ಕಂಪ್ಯೂಟ್ರಿಗೆ ಗೊತ್ತಿಲ್ಲೇನು?"

"ಒಂಬತ್ತಕ್ಕ ಅಲ್ಲಂತೀ?"

"ಒಂಬತ್ತಕ್ಕ ಹೆಂಗ್ರಿ? ಹುಸೇನಪ್ಪಣ್ಣನ ಹೊಟ್ಟಿ ಮ್ಯಾಲ ಕಾಲಿಡೂದು ಅದು. ಆತನ ನೀರು ಮುಗದ ಕೂಡ್ಲೆ ಹನ್ನೊಂದಕ್ಕ ನನಗ ಮಿಸ್ ಕಾಲ್ ಕೊಡ್ತಾನ, ಅವಾಗ ನಾ ನಮ್ಮ ತೂಬಿನ ಹಲಗಿ ಎತ್ತೂದು. ಆರು ವರ್ಷಾತು, ಒಮ್ಮಿನೂ ತಪ್ಪಿಲ್ಲ."

ಕಟ್ಟೆಯ ಮೇಲೆ ನಗೆ ಎದ್ದಿತು. ಮೊದಲು ನಕ್ಕವನು ಹುಸೇನಪ್ಪ. ಬಸಮ್ಮ ಮಾತ್ರ ನಗದೆ, "ಅಕ್ಕೋರನ್ನ ಸೆಕ್ರೆಟರಿ ಮಾಡ್ರಿ ಇನ್ನ" ಎಂದು ಸೂಚಿಸಿದಳು. ಅನುಮೋದಕರು ಹಲವರಿದ್ದರು. ನನಗೆ ಅವಮಾನಕ್ಕಿಂತ ಎಷ್ಟೋ ಮೊದಲು ಬಂದದ್ದು ನಿರಾಳದ ಉಸಿರು. ನನ್ನ ಒಂದು ಅಕ್ಷರದ ದೆಸೆಯಿಂದ ಒಬ್ಬ ಮನುಷ್ಯನ ಎರಡು ತಾಸು ನೀರು ನನ್ನದೇ ಗದ್ದೆಗೆ ಹರಿಯುವುದಿತ್ತು, ಹರಿಯಲಿಲ್ಲ.

ಹೊಸ ಪಟ್ಟಿ ಈಗ ಫೈಲಿನಲ್ಲಿಯೂ ಉಂಟು, ನೋಟುಬುಕ್ಕಿನಲ್ಲಿಯೂ ಉಂಟು. ಶ್ರೀ ಮಾತ್ರ ಎಲ್ಲಿಯೂ ಇಲ್ಲ.

ನೀರು ಬಿಟ್ಟ ಮೇಲಿನ ಮೊದಲ ಮಂಗಳವಾರ ಗದ್ದೆಗೆ ನಾನೇ ಹೋಗುತ್ತೇನೆಂದೆ. ಶಾಂತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೂ ಕೇಳದೆ ತನ್ನ ಫೋನನ್ನು ಕೈಗೆ ಕೊಟ್ಟಳು. ಬದುವಿನ ಮೇಲೆ ಪಂಚೆ ಎತ್ತಿಕಟ್ಟಿ ನಿಂತಿದ್ದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಗಡಿಯಾರದಲ್ಲಿ ಹತ್ತೂ ಐವತ್ತು. ಹಲಗೆಯ ಮೇಲೆ ಕೈ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಹನ್ನೊಂದಕ್ಕೆ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಹಲಗೆ ಎತ್ತಿದೆ.